ಶಂಭುಲಿಂಗನ ಹಸ್ತಾಕ್ಷರಾಸ್ತ್ರ

ಕೃತ, ತ್ರೇತಾ, ದ್ವಾಪರಗಳು ಸಂದು, ಕಲಿಯುಗಕ್ಕೂ ತಲೆ ನರೆತು, ಕಂತುಯುಗವೆಂಬ ಐದನೆಯ ಯುಗವು ಭೂಮಂಡಲವನ್ನಾಳುತ್ತಿರಲು, ಎಲೈ ಚಕ್ರಬಡ್ಡಿಯೇ, ಮೊದಲ ವಂದನೆ ನಿನಗೆ! ವಿಷ್ಣುವಿನ ಚಕ್ರವಾದರೂ ಕೆಲಸ ಮುಗಿಸಿ ಬೆರಳಿಗೆ ಮರಳುವುದು. ನಿನ್ನದು ಭಾನುವಾರವೂ ತಿರುಗುವುದು. ಅಕ್ಷತೆ ಹಾಕಿದವರು ಉಂಡು ಮರೆತ ಗಂಟನ್ನು ನೀನೊಬ್ಬನೇ ಮರೆಯದವನು. ನನ್ನ ನಾಲಗೆಗೆ ಬಲ ಕೊಡು, ವೀರನಾರಿ ನೀಲಗಂಗೆಯ ಕದನವನ್ನು ಹೇಳುವೆನು.

ಯಾರವಳೆನ್ನುವಿರೋ? ಜೋಳಪಿಷ್ಟಧೂಳೀಧೂಸರಿತಕುಂತಳೆ, ದಿನಕ್ಕೆ ದ್ವಿಸಹಸ್ರರೊಟ್ಟಿಪ್ರಸವಕಾರಿಣಿ, ಬಾಗಲಕೋಟೆಯ ನವನಗರದಲ್ಲಿ ರೊಟ್ಟಿ ಕೇಂದ್ರ ನಡೆಸುವವಳು. ಎದುರಾಳಿಯೋ, ಮಧ್ಯಾಹ್ನನಿದ್ರಾಧುರಂಧರ, ಮಿರ್ಚಿಭಜಿಕುಲಾಂತಕ, ಮೀಸೆಯೊಂದನ್ನುಳಿದು ಬೇರೇನನ್ನೂ ಬೆಳೆಸದ ಶಂಭುಲಿಂಗ, ಆಕೆಯ ಮಾಜಿ ಪತಿ. ಕೂಡಿದ್ದ ಕಾಲದಲ್ಲಿ ಇಬ್ಬರೂ ಪತ್ತಿನ ಸಹಕಾರಿ ಸಂಘದಲ್ಲಿ ಜಂಟಿ ಸಾಲ ಎತ್ತಿ ರೊಟ್ಟಿ ಯಂತ್ರ ಕೊಂಡಿದ್ದರು. ನ್ಯಾಯಾಲಯ ಮದುವೆಯನ್ನು ಬಿಡಿಸಿತು. ಸಾಲಪತ್ರದಲ್ಲಿ ಮಾತ್ರ ಅವರು 'ಒಟ್ಟಾಗಿಯೂ ಪ್ರತ್ಯೇಕವಾಗಿಯೂ' ಹೊಣೆಗಾರರಾಗಿಯೇ ಉಳಿದರು. ಈ ಎರಡು ಮಾತನ್ನು ಒಂದೇ ಉಸಿರಿನಲ್ಲಿ ಆಡಬಲ್ಲವರು ವೇದಾಂತಿಗಳು ಮತ್ತು ಸಾಲ ಕೊಡುವವರು.

ಕಂತು ಕಟ್ಟುತ್ತಿದ್ದವಳು ನೀಲಗಂಗೆ. ಆದರೆ ಸಾಲ ತನ್ನೊಬ್ಬಳ ಹೆಸರಿಗೆ ಬಾರದೆ ಯಂತ್ರ ತನ್ನದಾಗದು. ಶಂಭುಲಿಂಗ ಯಾವ ದಿನ ಬೇಕಾದರೂ 'ಅರ್ಧ ನಂದು' ಎಂದು ಬಂದು ಅದನ್ನು ಮಾರಿಸಬಹುದು. ಆ ಹೆದರಿಕೆಯಲ್ಲಿ ಆಕೆಗೆ ತಾನು ಮಾಡಿದ ರೊಟ್ಟಿಯೇ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬೇಕಾದದ್ದು ಒಪ್ಪಿಗೆ ಪತ್ರದ ಮೇಲೆ ಅವನದೊಂದು ಸಹಿ.

ಸೋಮವಾರ ಹನ್ನೊಂದರ ಸುಮುಹೂರ್ತದಲ್ಲಿ, ಸಂಘದ ಕಚೇರಿಯೆಂಬ ರಣಾಂಗಣದಲ್ಲಿ, ಮೇಲಿನ ಫ್ಯಾನು ರಣದುಂದುಭಿಯಾಗಿ ಗುಡುಗುಡಿಸುತ್ತಿರಲು, ಶಂಭುಲಿಂಗನು ಪ್ಲಾಸ್ಟಿಕ್ ಕುರ್ಚಿಯನ್ನಾರೋಹಣಗೈದು, ಮೀಸೆ ನೀವಿ, ದಿಗ್ದಂತಿಗಳು ಬೆದರುವಂತೆ ಗರ್ಜಿಸಿದನು:

"ಸಹಿ ನಂದೈತಿ. ಈ ಕೈ ಎದ್ರ ನಿನ್ನ ಸಾಲ ಹರೀತೈತಿ, ಈ ಕೈ ಮಡಚಿದ್ರ ನಿನ್ನ ಮಷೀನ್ ತುಕ್ಕ ಹಿಡೀತೈತಿ. ಬ್ರಹ್ಮ ಬಂದು ಕೈ ಮುಗದ್ರೂ ಹಾಕಂಗಿಲ್ಲ! ನಿನ್ನ ಮನ್ಯಾಗಿನ ಕೂಲರ್ ಕೊಟ್ರ ಹಾಕ್ತೀನಿ."

"ಬ್ರಹ್ಮಗಿಂತ ಕೂಲರ್ ದೊಡ್ಡದಾತೇನ್ರಿ?" ಎಂದು ಸಿಡಿದಳು ನೀಲಗಂಗೆ. "ಕ್ವಿಂಟಲ್ ಜ್ವಾಳದ ಚೀಲ ಹೊತ್ತ ಹೆಗಲ ಇದು. ನಿಮ್ಮಂಥಾ ಮೂರ ಮಂದೀನ ನಾದಿ ರೊಟ್ಟಿ ಬಡದೇನು! ಆ ಕೂಲರ್ ನಮ್ಮಪ್ಪ ಕೊಡಿಸಿದ್ದು."

ಹೀಗೆ ಅರ್ಧ ತಾಸು ವಾಗ್ಬಾಣಗಳು ಹಾರಿದವು. ದಿನದ ಪಿಗ್ಮಿ ಹಣ ಕಟ್ಟಲು ಬಂದವರು ಗಗನದಲ್ಲಿ ನೆರೆದ ದೇವತೆಗಳಾಗಿ ಬಾಯಿ ತೆರೆದು ನೋಡಿದರು, ಹೂಮಳೆಯೊಂದು ಬಾಕಿ. ಕೊನೆಗೆ ನೀಲಗಂಗೆ ಯಂತ್ರವನ್ನು ನೆನೆದು, ಹಲ್ಲು ಕಚ್ಚಿ, "ಒಯ್ರಿ ಕೂಲರ್" ಎಂದಳು. ಅಪ್ಪನ ನೆನಪಾಗಿ ಆಕೆಗೆ ಅಳು ಬಂದಿತ್ತು.

ವಿಜಯೋನ್ಮತ್ತ ಶಂಭುಲಿಂಗನು ಲೇಖನಿಯೆತ್ತಿ ಅಸ್ತ್ರ ಪ್ರಯೋಗಿಸಿದನು. ಗುಮಾಸ್ತ ಪರಪ್ಪ ಹಳೆಯ ಸಾಲಪತ್ರ ತೆಗೆದು ಪಕ್ಕಕ್ಕಿಟ್ಟು ನೋಡಿದ.

"ಹೊಂದವಲ್ದ್ರಿ, ಸಾಹುಕಾರ್ರ."

ಮತ್ತೊಮ್ಮೆ ಹಾಕಿದ. ಹೊಂದಲಿಲ್ಲ. ಮೂರನೆಯದಂತೂ ಮೊದಲೆರಡಕ್ಕೂ ಹೊಂದಲಿಲ್ಲ.

"ನನ್ನ ಸಹಿ ನನಗ ಗೊತ್ತಿಲ್ಲೇನು?"

"ನಿಮಗ ಗೊತ್ತಿರಬೌದ್ರಿ. ಕಾಗದಕ್ಕ ಗೊತ್ತಿಲ್ಲ."

ನೀಲಗಂಗೆ ಬಗ್ಗಿ ಹಳೆಯ ಪತ್ರ ನೋಡಿದಳು. ಕೊನೆಯ 'ಗ'ಕ್ಕೆ ಉದ್ದನೆಯ ಬಾಲ, ಅದರಡಿ ಎರಡು ಚುಕ್ಕೆ. ಕಂಡೊಡನೆ ನೆನಪಾಯಿತು. ಸಾಲ ತೆಗೆದ ದಿನ ಈ ಮಹಾರಥಿ ಎದುರಿನ ಅಂಗಡಿಯಲ್ಲಿ ಮಿರ್ಚಿ ತಿನ್ನುತ್ತ ಕುಳಿತಿದ್ದ. ಕರೆಯಲು ಹೋದರೆ, "ಕೈ ಎಣ್ಣಿ ಆಗ್ಯಾವ, ನೀನ ಗೀಚಿಬಿಡು" ಎಂದಿದ್ದ. ಆಕೆ ಗೀಚಿದ್ದಳು. ಅಲ್ಲಿಂದ ಅವನ ಪಾಸ್‌ಬುಕ್ಕು, ಗ್ಯಾಸು, ಎಲ್ಲ ಕಾಗದಕ್ಕೂ ಆಕೆಯೇ ಗೀಚಿದ್ದಳು.

ನೀಲಗಂಗೆ ಗಹಗಹಿಸಿ ನಕ್ಕಳು. "ಇದು ನಿಮ್ಮ ಸಹಿ ಅಲ್ರಿ. ನಂದು!"

ಇಪ್ಪತ್ತು ವರ್ಷ ಸಂಘದ ನೀರು ಕುಡಿದಿದ್ದ ಪರಪ್ಪ ಮೇಲೆದ್ದ. "ಅಕ್ಕಾರ, ನಾ ನೀರ ಕುಡದ ಬರ್ತೀನಿ. ಬರೂದ್ರಾಗ ಹೊಂದೂವಂಥಾ ಸಹಿ ಆಗಿರಬೇಕು."

ಶಂಭುಲಿಂಗನು ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಹುಡುಕತೊಡಗಿದನು. ಆಕೆ ಒಂದೇ ಬೀಸಿಗೆ ಗೀಚಿದಳು. ಮರಳಿ ಬಂದ ಪರಪ್ಪ, "ಈಗ ನೋಡ್ರಿ, ಹೆಂಗ ಕುಂತೈತಿ!" ಎಂದು ಮುದ್ರೆಯೊತ್ತಿದ. ಯಂತ್ರ ನೀಲಗಂಗೆಯದಾಯಿತು.

"ಕೂಲರ್?" ಎಂದ ಶಂಭುಲಿಂಗ.

"ಸಹಿ ಹಾಕಿದವರಿಗೆ ಕೂಲರ್."

ಮೆಟ್ಟಿಲಿಳಿಯುತ್ತ ಆತ ನಿಂತ. ಮೀಸೆ ಇಳಿದಿತ್ತು. "ನೀಲಾ, ಬ್ಯಾಂಕಿನ್ಯಾಗೂ ನಿಂದ ಸಹಿ ಐತೇನು?"

"ಎಲ್ಲಾ ಕಡೆ."

"ಹಂಗಾರ ನಾಳೆ ನಾ ರೊಕ್ಕ ತಗಿಯೂದು ಹೆಂಗ? ಒಮ್ಮಿ ಕಲಿಸಿಕೊಡು."

ಆಕೆಗೆ ಪಾಪ ಅನ್ನಿಸಿತು. ಅನ್ನಿಸಿದ್ದಕ್ಕೆ ಸಿಟ್ಟೂ ಬಂತು. ಮೆಟ್ಟಿಲ ಮೇಲೆ ಕುಳಿತು, ಚಲನ್ನಿನ ಹಿಂಬದಿಯಲ್ಲಿ ಒಂದು ಸಹಿ ಬರೆದು ಮುಂದಿಟ್ಟಳು. ಮಿರ್ಚಿಭಜಿಕುಲಾಂತಕನು ನಾಲಗೆ ಕಚ್ಚಿಕೊಂಡು ತನ್ನ ಹೆಸರನ್ನು ತಿದ್ದತೊಡಗಿದನು.

"ಬಾಲ ಮ್ಯಾಲ ತಗೀರಿ. ಅಷ್ಟಲ್ಲ."

ಆರನೆಯದು ಸುಮಾರಾಗಿ ಬಂತು. ನೀಲಗಂಗೆ ಸೀರೆ ಕೊಡವಿ ಎದ್ದಳು.

"ಪೆನ್ನ ಸಂಘದ್ದೈತಿ. ಒಳಗ ಕೊಟ್ಟ ಹೋಗ್ರಿ."