ಫ್ಲಾಟಿನಲ್ಲಿ ಹಿಟ್ಟಿಲ್ಲದ ರೊಟ್ಟಿ

ಬಾಡಿಗೆ ಮನೆ ನೋಡಲು ಹೋದಾಗ ಬುದ್ಧಿವಂತರು ನಲ್ಲಿ ತಿರುಗಿಸಿ ನೋಡುತ್ತಾರೆ, ಗೋಡೆಯ ತೇವ ಮುಟ್ಟಿ ನೋಡುತ್ತಾರೆ. ನಾನು ಕರೆಗಂಟೆ ಒತ್ತಿ ನೋಡಿದೆ. ಒಳಗಿನಿಂದ ಹಕ್ಕಿ ಚಿಲಿಪಿಲಿ ಅಂದಿತು. ಅಷ್ಟಕ್ಕೇ ಮರುಳಾಗಿ ಮುಂಗಡ ಕೊಟ್ಟುಬಿಟ್ಟೆ. ಐವತ್ತರ ಹತ್ತಿರ ಬಂದ ಹೈಸ್ಕೂಲು ಮಾಸ್ತರನ ಬುದ್ಧಿ ಇಷ್ಟೇ ಎಂದು ಹೆಂಡತಿ ಸುವರ್ಣಾ ಹೇಳುವ ಮೊದಲೇ ನಾನೇ ಒಪ್ಪಿಕೊಂಡುಬಿಡುತ್ತೇನೆ.

ನವಲಗುಂದದ ಹಳೇ ಪೇಟೆಯ ಓಣಿ ಅದು. ಎರಡೂ ಬದಿಗೆ ಮಣ್ಣಿನ ಮಾಳಿಗೆಯ ಮನೆಗಳು, ಕೆತ್ತನೆಯ ಬಾಗಿಲುಗಳು, ಜಮಖಾನ ನೇಯುವವರ ಮಗ್ಗದ ಸಪ್ಪಳ. ನಡುವೆ ಹಳೇ ವಾಡೆಯೊಂದನ್ನು ಕೆಡವಿ ಎಬ್ಬಿಸಿದ ನಮ್ಮ ಅಪಾರ್ಟ್‌ಮೆಂಟು. ಹೊಳೆಯುವ ಟೈಲ್ಸ್, ಕರಿ ಗ್ರಾನೈಟಿನ ಅಡಿಗೆ ಕಟ್ಟೆ. ಆ ಕಟ್ಟೆಯ ಮೇಲೆ ಸುವರ್ಣಾ ಮೊದಲ ದಿನ ಜೋಳದ ರೊಟ್ಟಿ ಬಡಿದಳು ನೋಡಿ, ಕೋಣೆಗಳೆಲ್ಲ ಗುಡುಗಿದವು. ನಮ್ಮ ಹಿಂದಿನ ಮನೆಯ ಮಣ್ಣಿನ ಗೋಡೆಗಳು ಆ ಸಪ್ಪಳವನ್ನು ಕುಡಿದುಬಿಡುತ್ತಿದ್ದವು.

ವಾರ ತಡೆದುಕೊಂಡು ಒಂದು ಮುಂಜಾನೆ, "ಇದು ಫ್ಲಾಟ್, ಸುವರ್ಣಾ. ಬಾಜೂದವರು ಏನ ತಿಳಕೋಬೇಕು? ಇನ್ನ ಮ್ಯಾಲ ಚಪಾತಿ ಲಟ್ಟಿಸು, ಸಪ್ಪಳ ಇರೂದಿಲ್ಲ" ಅಂದೆ.

ಅವಳು ಕೈಯ ಹಿಟ್ಟು ತೊಳೆದುಕೊಂಡಳು. "ಇಪ್ಪತ್ತೆರಡ ವರ್ಷ ಈ ರೊಟ್ಟಿ ಉಂಡೀರಿ. ಈಗ ನನ್ನ ಕೈ ಸಪ್ಪಳ ನಿಮಗ ನಾಚಿಕಿ ಆತೇನ್ರಿ?" ಎಂದವಳೇ ಹತ್ತು ಗಂಟೆಯ ಬಸ್ಸಿಗೆ ತಂಬೂರು ಎಂಬ ಊರಿನ ತನ್ನ ತವರಿಗೆ ಹೋದಳು. ಫೋನ್ ಮಾಡಿದರೆ ಎತ್ತಲಿಲ್ಲ.

ನಮ್ಮ ಓಣಿಯ ಪದ್ಧತಿ ನನಗೆ ತಿಳಿದದ್ದೇ ಮರುದಿನ. ಮುಂಜಾನೆ ಯಾವ ಮನೆಯಲ್ಲಿ ರೊಟ್ಟಿ ಸಪ್ಪಳವಿಲ್ಲವೋ ಆ ಮನೆಯನ್ನು ವಿಚಾರಿಸಲೇಬೇಕು. ಎದುರು ಮನೆಯ ಶಾಂತವ್ವ ಆಯಿ ಕಟ್ಟೆಯ ಮೇಲಿಂದಲೇ ಕೂಗಿದಳು: "ಯಾಕ್ರಿ ಮಾಸ್ತರ, ಇವತ್ತ ನಿಮ್ಮ ಮನ್ಯಾಗ ರೊಟ್ಟಿ ಇಲ್ಲೇನು?"

"ಆಕಿಗೆ ತಲಿನೋವ, ಆಯಿ. ನಾಳೆ ಬಡೀತಾಳ" ಎಂದು ಹಸಿ ಸುಳ್ಳು ಹೇಳಿದೆ. ಹೆಂಡತಿ ಸಿಟ್ಟಾಗಿ ಹೋಗಿದ್ದಾಳೆಂದು ಇಡೀ ಪೇಟೆಗೆ ಹೇಗೆ ಹೇಳಲಿ? ಸುಳ್ಳು ಹೇಳಿದ ಮೇಲೆ ಸಾಕಬೇಕಲ್ಲ. ಮರುದಿನ ಮುಂಜಾನೆ ಅಡಿಗೆ ಮನೆಯ ಕಿಟಕಿ ತೆರೆದು, ಬರೀ ಗ್ರಾನೈಟಿನ ಮೇಲೆ ಪಟಪಟ ಬಡಿದೆ. ಅದರ ಮರುದಿನವೂ ಬಡಿದೆ. ಅಂಗೈ ಕೆಂಪಾಗಿ ಉರಿದು ಶಾಲೆಯಲ್ಲಿ ಸೀಮೆಸುಣ್ಣ ಹಿಡಿಯಲಾಗಲಿಲ್ಲ. ತಿಂದದ್ದು ಮಾತ್ರ ಚಹಾ, ಬನ್ನು.

ಅಂದು ಸಂಜೆ ಕರೆಗಂಟೆ ಚಿಲಿಪಿಲಿ ಅಂದಿತು. ಬಾಗಿಲಲ್ಲಿ ಶಾಂತವ್ವ ಆಯಿ. ಒಂದು ಕೈಯಲ್ಲಿ ರೊಟ್ಟಿ, ಪುಂಡಿಪಲ್ಯದ ತಾಟು, ಇನ್ನೊಂದರಲ್ಲಿ ಮೊಬೈಲು.

"ಮಾಸ್ತರ, ಮುಂಜಾನಿ ಎಷ್ಟ ರೊಟ್ಟಿ ಆದುವ್ರಿ?"

"ಎಂಟ ಹತ್ತ ಆಗಿರಬೇಕ, ಆಯಿ."

"ರೊಟ್ಟಿ ಹಂಚಿಗೆ ಹಾಕೂಮುಂದರ ಬಡಿಯೂ ಕೈ ನಿಲ್ಲಬೇಕಲ್ರಿ? ನಿಮ್ಮದು ಒಮ್ಮೆನೂ ನಿಲ್ಲಲಿಲ್ಲ. ಒಂದ ರೊಟ್ಟಿ ಅಷ್ಟೊತ್ತು ಬಡದಿದ್ರ ಅದರ ಅಂಚು ಆಚಿ ಊರು ಮೊರಬ ಮುಟ್ಟತಿತ್ತು!"

ನನಗೆ ನಗು ಬಂತು. ಅದರ ಹಿಂದೆಯೇ ಅಳು ಬಂತು. "ತಪ್ಪು ನಂದ ಆಯಿ. ಆಕಿ ಇಲ್ಲದ ನನಗ ಈ ಮನಿ ಬ್ಯಾಡಾಗೇದ" ಅಂದೆ.

ಆಯಿ ಆಗಿನಿಂದ ಚಾಲೂ ಇದ್ದ ಮೊಬೈಲನ್ನು ಬಾಯಿಯ ಹತ್ತಿರ ಹಿಡಿದಳು. "ಕೇಳಿದೇನವಾ ಸುವರ್ಣಾ?"

"ಕೇಳಿದೆ, ಆಯಿ" ಎಂದಿತು ತವರಿನಿಂದ ಅವಳ ಧ್ವನಿ. "ನಾಳೆ ಬರ್ತೇನಂತ ಹೇಳು. ಇವತ್ತಿಂದ ಕಲ್ಲ ಬಡಿಯೂದ ಬಿಡ್ರಿ ಅನ್ನು."

ಮರುದಿನ ಬಂದವಳು ಚೀಲ ಇಡುವ ಮೊದಲು ನನ್ನ ಅಂಗೈ ಹಿಡಿದು ನೋಡಿ ಕೊಬ್ಬರಿ ಎಣ್ಣೆ ಹಚ್ಚಿದಳು. "ಲಗ್ನ ಆದ ಹೊಸದಾಗ ನನ್ನ ಕೈನೂ ಹಿಂಗ ಆಗಿದ್ದುವು. ನಿಮಗ ತೋರಿಸಬೇಕಂತ ಅಗದಿ ಅನಿಸ್ತಿತ್ತು" ಅಂದಳು. ತೋರಿಸಿದ್ದರೆ ನಾನು ನೋಡುತ್ತಿದ್ದೆನೋ ಇಲ್ಲವೋ, ಆಣೆ ಮಾಡಿ ಹೇಳಲಾರೆ.

ಈಗ ಮುಂಜಾನೆ ನಾವಿಬ್ಬರೂ ಬಡಿಯುತ್ತೇವೆ. ನಾನು ಬಡಿದ ನಾಲ್ಕರಲ್ಲಿ ಮೂರು ಹರಿಯುತ್ತವೆ. ಹರಿದವನ್ನು ನಾನೇ ತಿನ್ನಬೇಕೆಂದು ಬಾಡಿಗೆ ಕರಾರಿನಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಆದರೂ ತುಟಿ ಪಿಟಕ್ಕೆನ್ನದೆ ತಿನ್ನುತ್ತಿದ್ದೇನೆ.