ಕಿನ್ನರರ ಬಂದರಿನಲ್ಲಿ ಅಜ್ಜಿಯರೇ ಇಲ್ಲದಿರುವ ಬಗ್ಗೆ

ಹುಫೂಫ್, ಅಲ್ ಅಹ್ಸಾ, ಸೌದಿ ಅರೇಬಿಯಾ
ಶುಕ್ರವಾರ, ೧೪ ನವೆಂಬರ್ ೨೦೨೫

ರಜಾದಿನ. ಹೆಂಡತಿ ಆಸ್ಪತ್ರೆಯ ಪಾಳಿಯಲ್ಲಿ, ಮಗಳು ಪಕ್ಕದ ಕೋಣೆಯಲ್ಲಿ, ಪುಸ್ತಕದೊಳಗಿನ ತಮ್ಮ ನಗರ ನನ್ನ ಮೇಜಿನ ಮೇಲೆ.

ಏಲವೀರ ನಗರದ ಬಂದರು ಅಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ಬೆಳ್ಳಿಹಾಯಿಯ ತಮ್ಮ ಹಡಗುಗಳಿಗೂ, ಸಂಜೆಯಾದೊಡನೆ ತಾವಾಗಿಯೇ ಹೊತ್ತಿಕೊಳ್ಳುವ ದೀಪಗಳಿಗೂ, ಆರುನೂರು ವರ್ಷಗಳಿಂದ ಒಂದೇ ಕುರ್ಚಿಯಲ್ಲಿ ಕುಳಿತಿರುವ ತಮಗೂ ಸಾಷ್ಟಾಂಗ ವಂದನೆಗಳು. ತಾವು ಕಾದಂಬರಿಯೊಂದರ ನಿವಾಸಿಗಳೆಂಬುದು ನನಗೆ ಗೊತ್ತು. ಆದರೆ ಇಲ್ಲಿನ ಖರ್ಜೂರದ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುವ ನಾನು ಬಿಡುವಿನಲ್ಲಿ ಅನುವಾದಿತ ಕಾದಂಬರಿಗಳನ್ನಷ್ಟೇ ಓದುವವನಾದ್ದರಿಂದ, ನನ್ನ ಪರಿಚಿತರಲ್ಲಿ ಹೆಚ್ಚಿನವರು ತಮ್ಮಂಥವರೇ.

ಮೊದಲು ಮೆಚ್ಚುಗೆ. ಕನ್ನಡ ಪುಸ್ತಕ ಕಂಡರೆ ತಲೆನೋವು ಬರಿಸಿಕೊಳ್ಳುವ ನನ್ನ ಮಗಳು ವಿಸ್ಮಯಾ, ಅನುವಾದಕರು ಕಿನ್ನರರೆಂದು ಕರೆದಿರುವ ಚೂಪುಕಿವಿಯ ತಮ್ಮ ಜನರ ಕಥೆಯನ್ನು ಮಾತ್ರ ನನ್ನ ಕೈಯಿಂದ ಕಸಿದುಕೊಂಡು ಓದುತ್ತಾಳೆ. ಹಡಗು ನಿಲ್ಲುವ ತಮ್ಮ ದಕ್ಕೆಯಲ್ಲಿ ಮೀನಿನ ವಾಸನೆಯಿಲ್ಲ, ಬಲೆ ಹೊಲಿಯುವವರಿಲ್ಲ, ಹಡಗು ಬಂದರೂ ಯಾರೂ ಬೆವರುವುದಿಲ್ಲ. ಮೀನುಗಾರರ ಊರಾದ ಗಂಗೊಳ್ಳಿಯವನಾದ ನಾನು ಇದನ್ನೆಲ್ಲ ದೊಡ್ಡ ಮನಸ್ಸು ಮಾಡಿ ಸಹಿಸಿದ್ದೇನೆ. ಸಹಿಸಲಾಗದ್ದು ತಮ್ಮಲ್ಲಿನ ಒಂದು ಪದ್ಧತಿ. ಅಲ್ಲಿ ಯಾರಿಗೂ ವಯಸ್ಸಾಗದ ಕಾರಣ ಯಾರೂ ಅಕ್ಕ, ಅತ್ತೆ, ಅಜ್ಜಿ ಅಲ್ಲ. ಎಂಟುನೂರು ದಾಟಿದವಳನ್ನೂ ಮೊಮ್ಮಗಳು ಹೆಸರು ಹಿಡಿದು ಕರೆದು 'ನೀನು' ಅನ್ನುತ್ತಾಳೆ. ಅನುವಾದಕರನ್ನು ದೂರಲಾರೆ. ಎಲ್ಲರೂ ಇಪ್ಪತ್ತೈದರವರಂತೆ ಕಾಣುವ ಊರಿನಲ್ಲಿ ಯಾರಿಗೆ 'ನೀವು' ಅನ್ನಬೇಕೆಂದು ಅವರಿಗಾದರೂ ಹೇಗೆ ತಿಳಿಯಬೇಕು?

ಪರಿಣಾಮವನ್ನು ಕೇಳೋಣವಾಗಲಿ. ಹೋದ ವಾರ ಊರಿನಲ್ಲಿರುವ ನನ್ನ ಅಮ್ಮನಿಗೆ ವಿಡಿಯೋ ಕರೆ ಮಾಡಿದಾಗ ಮಗಳು ನಡುವೆ ನುಗ್ಗಿ, "ನಳಿನಾಕ್ಷಿ, ಊಟ ಆಯ್ತಾ ನಿಂದು?" ಎಂದುಬಿಟ್ಟಳು. ಅಮ್ಮ ಒಂದು ಗಳಿಗೆ ನೋಡಿದರು, ಕರೆ ಕಡಿಯಿತು. ವರ್ಷಗಟ್ಟಲೆ ಒಲ್ಲೆನೆಂದು ಈಗಷ್ಟೇ ನಮ್ಮಲ್ಲಿಗೆ ಬರಲು ಒಪ್ಪಿದ್ದವರು, ವೀಸಾ ಕೂಡ ಬಂದಿತ್ತು. ಅನಂತರ ಅವರು ಫೋನೇ ಎತ್ತಲಿಲ್ಲ. ಅವರೊಂದಿಗಿರುವ ನನ್ನ ತಮ್ಮ ಅಖಿಲೇಶ್, "ಅಮ್ಮ ಯಾರ್ ಹತ್ರವೂ ಮಾತಿಲ್ಲ. ಎಂತ ಹೇಳಿದ್ರಿ ಅಣ್ಣ ನೀವು?" ಎಂದು ನನ್ನನ್ನೇ ವಿಚಾರಿಸಿಕೊಂಡ.

ಆದ್ದರಿಂದ ತಮ್ಮಲ್ಲಿ ವಿನಮ್ರ ಬೇಡಿಕೆ: ಐನೂರು ದಾಟಿದ ಪ್ರತಿಯೊಬ್ಬ ಕಿನ್ನರರಿಗೂ ಕನಿಷ್ಠ ಒಂದು ನರೆಗೂದಲು ಮಂಜೂರಾಗಲಿ. ಸೌಂದರ್ಯಕ್ಕೆ ಧಕ್ಕೆಯಾಗುವುದಾದರೆ, ಇಲ್ಲಿ ದುಡಿಯಲು ಬಂದ ನಮಗೆಲ್ಲ ಇರುವಂತೆ ಹುಟ್ಟಿದ ದಿನಾಂಕವಿರುವ ಒಂದು ಇಕಾಮಾ, ಅಂದರೆ ವಾಸದ ಪರವಾನಗಿ ಕಾರ್ಡು, ಕೊಟ್ಟು ಕೊರಳಿಗೆ ನೇತುಹಾಕಿಸಿ. ದಕ್ಕೆಯ ಕಂಬಕ್ಕೊರಗಿ ಕುಳಿತು, ಬರುವವರನ್ನೂ ಹೋಗುವವರನ್ನೂ ಬಯ್ಯಲು ಒಬ್ಬ ಅಧಿಕೃತ ಅಜ್ಜಿಯ ಹುದ್ದೆಯನ್ನೂ ಸೃಷ್ಟಿಸುವುದು.

ಇಷ್ಟು ಬರೆಯುವಾಗ ಅಮ್ಮನ ವಿಡಿಯೋ ಕರೆ ಬಂತು. ನನ್ನನ್ನು ಬಿಟ್ಟು ಮೊಮ್ಮಗಳನ್ನೇ ಕರೆಸಿಕೊಂಡು ಕೇಳಿದರು: "ಅವತ್ತ್ ಎಂತ ಹೇಳ್ದೆ ಹೆಣೆ? ಇನ್ನೊಂದ್ ಸಲ ಹೇಳ್ ಕಾಂಬ." ನನ್ನ ಮುಖ ನೋಡಿದ ಮಗಳು "ಅಜ್ಜಿ" ಅಂದಳು. "ಅದಲ್ಲ. ಹೆಸ್ರ್ ಹೇಳ್." ಹೇಳಿದಳು. ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. "ನನ್ನಮ್ಮ ಹೋದ್ಮೇಲೆ ಹೀಂಗೆ ಕರ್ದದ್ ನೀನೇ ಕಾಣ್. ಬ್ಯಾಂಕಲ್ಲೂ ನಂಬರ್ ಕೂಗ್ತ್ರ್." ಆಮೇಲೆ ನನಗೆ ಆಜ್ಞೆ: "ಟಿಕೇಟ್ ಮಾಡ್ಸ್. ಅಲ್ಲಿ ಇವ್ಳ್ ಹೀಂಗೇ ಕರೀಕ್. ನೀ ಮಧ್ಯ ಬಾಯಿ ಹಾಕೂಕಾಗ."

ಇದರಿಂದ ನನ್ನ ದೂರಿನ ಬುಡವೇ ಸಡಿಲಾಗಿದೆಯೆಂದು ತಾವು ಬೀಗಬಾರದು. ನರೆಗೂದಲಿನ ಬೇಡಿಕೆ ಹಾಗೆಯೇ ಇದೆ.

ತಮ್ಮ ದಕ್ಕೆಗೆ ಎಂದೂ ಕಾಲಿಡಲಾಗದ,
ಆದರೂ ತಮ್ಮ ವಿಶ್ವಾಸಿ,
ಯೋಗೀಶ್

ಮರೆತ ಮಾತು: ಟಿಕೇಟ್ ಮಾಡಿಸಿದೆ. ವಿಮಾನ ನಿಲ್ದಾಣದಲ್ಲಿ ಅಮ್ಮನ ಕೈಯಿಂದ ಚೀಲ ತೆಗೆದುಕೊಳ್ಳುವಾಗ ನಾನೂ ಒಂದು ಸಲ ಅವರನ್ನು ಹೆಸರು ಹಿಡಿದು ಕರೆಯುವುದೆಂದು ತೀರ್ಮಾನಿಸಿದ್ದೇನೆ. ಸ್ನಾನದ ಕೋಣೆಯ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿ ನೋಡಿದೆ. 'ನಳಿ' ತನಕ ಬರುತ್ತದೆ, ಆಮೇಲೆ 'ಅಮ್ಮ' ಆಗಿಬಿಡುತ್ತದೆ. ತಮ್ಮವರಿಗಾದರೆ ಇಂಥ ಕೆಲಸಕ್ಕೆ ಸಾವಿರ ವರ್ಷಗಳ ಕಾಲಾವಕಾಶವಿದೆ. ನನಗಿರುವುದು ಮೂರು ವಾರ.