ಸೇತುವೆ ದಾಟದ ಹೊಸಬರು

ಬಂದವರನ್ನು ಸ್ವಾಗತಿಸುವುದೇನು ಮಹಾ ಕೆಲಸ ಎಂದು ಯಾರಾದರೂ ಅಂದರೆ ನನಗೆ ಈಗಲೂ ಮೈ ಉರಿಯುತ್ತದೆ. ನಾನು ಸ್ವಾಗತಿಸಿದವರೆಲ್ಲ ಒಂದಲ್ಲ ಒಂದು ಎಡವಟ್ಟು ಮಾಡಿಯೇ ಹೋದರು. ಹಾಗಾಗದೆ ಒಂದು ವಾರವೂ ಕಳೆಯುತ್ತಿರಲಿಲ್ಲ.

ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ನೀಲಗಿರಿ ಬೆಟ್ಟದ ಕೋತಗಿರಿಯಲ್ಲಿ ಬಸ್ ಸ್ಟ್ಯಾಂಡಿನ ಎದುರು ನಮ್ಮ ದಿನಸಿ ಅಂಗಡಿ, ಮೈಸೂರು ಕಡೆಯಿಂದ ಬಂದ ಅಜ್ಜ ಇಟ್ಟದ್ದು. ಪಕ್ಕದ ಗೋದಾಮಿನಿಂದ ಬೆಲ್ಲದ ಮೂಟೆ ತೆಗೆಸಿ ನಾನು ಎರಡು ಕಂಪ್ಯೂಟರ್ ಇಟ್ಟು ಬ್ರೌಸಿಂಗ್ ಸೆಂಟರ್ ಮಾಡಿದ್ದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಒಂದು ಆಟ ಆಡುತ್ತಿದ್ದೆ. ಅದರಲ್ಲಿ ಚಿತ್ರವಿಲ್ಲ, ಸದ್ದಿಲ್ಲ, ಬರೀ ಅಕ್ಷರ. "ನೀನು ಕಾಡಿನಲ್ಲಿದ್ದೀಯ, ಉತ್ತರಕ್ಕೆ ದಾರಿಯಿದೆ" ಎಂದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬರುತ್ತದೆ. ನಾವು "ಉತ್ತರಕ್ಕೆ ಹೋಗು" ಎಂದು ಟೈಪ್ ಮಾಡಬೇಕು. ದೇಶದೇಶದವರು ಅದೇ ಕಾಡಿನಲ್ಲಿ ಕತ್ತಿ ಹಿಡಿದು ತಿರುಗುತ್ತಿರುತ್ತಾರೆ.

ಅಲ್ಲಿ ನನಗೊಂದು ಹುದ್ದೆ ಸಿಕ್ಕಿತ್ತು. ಲಾಟೀನು ಹಿಡಿದು ಊರ ಬಾಗಿಲಲ್ಲಿ ನಿಂತು ಹೊಸಬರನ್ನು ಬರಮಾಡಿಕೊಳ್ಳುವುದು, ಕಾಡಿನಲ್ಲಿ ನಡೆಸಿಕೊಂಡು ಹೋಗಿ ರಾಕ್ಷಸ ಕೂತಿರುವ ಸೇತುವೆ ದಾಟಿಸುವುದು. ಸಂಬಳ ಸೊನ್ನೆ. ಆದರೆ ಬ್ಯಾಂಕ್ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಡುಮ್ಕಿ ಹೊಡೆದು, ಅಪ್ಪನ ಬಾಯಲ್ಲಿ "ಬೇಳೆ ತೂಗೋಕೂ ಬರದವನು" ಅನ್ನಿಸಿಕೊಂಡಿದ್ದ ನನಗೆ ಯಾರಾದರೂ ನಂಬಿ ಕೊಟ್ಟ ಹುದ್ದೆ ಅದೊಂದೇ. ಅದರ ಮೇಲೆ ನನಗೆ ಪ್ರಾಣ.

ಹೀಗಿರುವಾಗ ಆಟದ ಯಜಮಾನ ಆಜ್ಞೆ ಹೊರಡಿಸಿದ. ಆಟಕ್ಕೆ ಜನ ಕಡಿಮೆಯಾಗುತ್ತಿದ್ದಾರೆ. ಲಾಟೀನು ಹಿಡಿದವರೆಲ್ಲ ತಮ್ಮ ಊರಿನಿಂದ ಹೊಸಬರನ್ನು ತರಬೇಕು. ಮೂವರಲ್ಲಿ ಒಬ್ಬರನ್ನಾದರೂ ಸೇತುವೆ ದಾಟಿಸದಿದ್ದರೆ ಲಾಟೀನು ವಾಪಸ್. ಯಾವ ದೇಶದವನೋ, ಮುಖ ನೋಡಿದವರಿಲ್ಲ, ಆದರೆ ಮಾತೆಲ್ಲ ಕಲೆಕ್ಟರನದು.

೧. ಒಂಟಿ ಸಲಗ

ಮೊದಲು ಸಿಕ್ಕವನು ಮುದುಮಲೆ ಕಾಡಿನಂಚಿನ ಮಸಿನಗುಡಿಯ ಜೀಪ್ ಡ್ರೈವರ್. ಅಲ್ಲಿನ ರೆಸಾರ್ಟಿಗೆ ಸಾಮಾನು ಒಯ್ಯಲು ನಮ್ಮ ಅಂಗಡಿಗೆ ಬರುತ್ತಿದ್ದ. "ಕಾಡಿನ ಆಟವಾ? ನಂಗೇ ಕಾಡು ಹೇಳಿಕೊಡ್ತೀಯಾ?" ಎಂದು ನಕ್ಕು ಕೂತ. ಅವನು ಹೇಳುವುದು, ನಾನು ಟೈಪ್ ಮಾಡುವುದು ಎಂದಾಯಿತು. ಸ್ವಲ್ಪ ದೂರ ಚೆನ್ನಾಗಿಯೇ ನಡೆದ. ಆಮೇಲೆ ಪರದೆಯಲ್ಲಿ ಬಂದದ್ದನ್ನು ನಾನು ಓದಿದೆ: "ದಾರಿಗೆ ಅಡ್ಡವಾಗಿ ಒಂದು ದೊಡ್ಡ ಗಂಡಾನೆ ನಿಂತಿದೆ."

ಅವನು ಫಕ್ಕನೆ ನನ್ನ ಕೈ ಹಿಡಿದುಕೊಂಡ. "ಒಂಟಿಯಾ?"

"ಒಂಟಿ."

"ಶ್... ಅಲ್ಲಾಡಬೇಡ. ಇಂಜಿನ್ ಆಫ್."

"ಇಂಜಿನ್ ಎಲ್ಲಿದೆ ಮಾರಾಯ? ಓಡು ಅಂತ ಹೊಡೀಲಾ?"

"ಹುಚ್ಚಾ? ಒಂಟಿ ಮುಂದೆ ಓಡಿದವನು ಉಳಿದಿದ್ದಾನಾ? ಗಾಳಿ ಯಾವ ಕಡೆಗಿದೆ, ಕೇಳು."

ಗಾಳಿಯನ್ನು ಯಾರು ಬರೆದಿದ್ದಾರೆ? ಆನೆ ಸೊಂಡಿಲು ಎತ್ತಿತು ಎಂದು ಬಂತು. ಅವನು ಉಸಿರು ಬಿಗಿಹಿಡಿದ. ಆನೆ ನುಗ್ಗಿ ಬಂತು ಎಂದು ಬಂತು. ನಾನು ಕೀಬೋರ್ಡಿನತ್ತ ಎಷ್ಟು ಎಳೆದರೂ ಅವನು ನನ್ನ ಎರಡೂ ಕೈ ಬಿಡಲಿಲ್ಲ. "ಸುಮ್ಮನೆ ಹೆದರಿಸ್ತಿದೆ, ಬರಲ್ಲ, ಬರಲ್ಲ" ಎಂದು ಪಿಸುಗುಟ್ಟುತ್ತಲೇ ಇದ್ದ. ಆನೆ ತುಳಿಯಿತು. ನೀನು ಸತ್ತೆ ಎಂದು ದಪ್ಪ ಅಕ್ಷರದಲ್ಲಿ ಬಂತು.

ಅವನು ಬೆವರು ಒರೆಸಿಕೊಂಡು ಎದ್ದ. "ಇದು ನಮ್ಮ ಮುದುಮಲೆ ಕಡೆ ಆನೆ ಅಲ್ಲ ಬಿಡು. ಸಂಸ್ಕಾರ ಇಲ್ಲ!"

೨. ಒದ್ದೆ ಎಲೆ

ಎರಡನೆಯವರು ಹಳ್ಳಿಹಳ್ಳಿ ಸುತ್ತಿ ಸಣ್ಣ ತೋಟದವರಿಂದ ಚಹಾ ಎಲೆ ಎತ್ತಿ ಫ್ಯಾಕ್ಟರಿಗೆ ಮುಟ್ಟಿಸುವ ಏಜೆಂಟರು. ಬಹಳ ಶಿಸ್ತಿನ ಮನುಷ್ಯ. ಇವರನ್ನು ನಾನು ಆನೆಯ ದಾರಿ ಬಿಟ್ಟು ಬಳಸಿಕೊಂಡು ಕರೆದೊಯ್ದೆ. ಆ ದಾರಿಯಲ್ಲಿ ಮಂತ್ರದ ಮುದುಕಿಗೆ ಒಂದು ಬುಟ್ಟಿ ಸೊಪ್ಪು ಕಿತ್ತುಕೊಟ್ಟರೆ ಅವಳೇ ಸೇತುವೆಗೆ ದಾರಿ ತೋರಿಸುತ್ತಾಳೆ. "ಗಿಡಗಳು ಚಿಗುರಿವೆ. ಮಳೆ ಸುರಿಯುತ್ತಿದೆ" ಎಂದು ಓದಿದೆ.

"ನಿಲ್ಲಲಿ" ಎಂದರು.

"ಏನು?"

"ಮಳೆ. ಒದ್ದೆ ಎಲೆ ತಗೊಂಡು ಹೋದ್ರೆ ನೀರಿನ ತೂಕ ಕಳೀತಾರೆ, ಗೇಟಲ್ಲೇ ಜಗಳ. ಮುದುಕಿ ಅಂದ್ರೆ ಇನ್ನೂ ಜಾಸ್ತಿ."

"ಸಾರ್, ಆ ಕಾಡಲ್ಲಿ ಯಾವಾಗಲೂ ಮಳೆಯೇ. ಹಾಗೇ ಬರೆದಿಟ್ಟಿದ್ದಾರೆ."

"ದೇವಾಲದಲ್ಲೇ ಮಳೆ ನಿಲ್ತದೆ ಕಣಪ್ಪಾ, ಇವನ ಕಾಡು ಯಾವ ಲೆಕ್ಕ?"

ಗೂಡಲೂರು ಕಡೆಯ ದೇವಾಲದಲ್ಲಿ ತಿಂಗಳುಗಟ್ಟಲೆ ಸುರಿಯುವ ಮಳೆ ಕಂಡವರ ಎದುರು ವಾದ ಮಾಡುವುದು ಹೇಗೆ? ಸುಮ್ಮನೆ ನಿಂತವರನ್ನು ಆ ಆಟ ಆಚೆಗೆ ನೂಕುತ್ತದೆ. "ನಡೆಯುತ್ತೀಯೋ ಇಲ್ಲವೋ" ಎಂದು ಪರದೆ ಎಚ್ಚರಿಕೆ ಕೊಟ್ಟಿತು. ನಾನು ಕಾಲು ಹಿಡಿಯುವುದೊಂದು ಬಾಕಿ. "ಒಂದೇ ಒಂದು ಸೊಪ್ಪು ಕೀಳ್ತೀನಿ ಸಾರ್" ಎಂದೆ. ಅವರು ಎದ್ದು ಬೇಕರಿಗೆ ಚಹಾ ಕುಡಿಯಲು ಹೋದರು. ಅವರು ಹೇಳದೆ ಟೈಪ್ ಮಾಡಿದರೆ ಅದು ನಾನು ಆಡಿದಂತೆ, ಹೊಸಬ ಆಡಿದಂತಲ್ಲ. ಕಣ್ಣೆದುರೇ ಏಜೆಂಟರನ್ನು ಆಟ ಹೊರಗೆ ದಬ್ಬಿತು.

ವಾಪಸ್ ಬಂದವರು ನನ್ನ ಬಾಡಿದ ಮುಖ ನೋಡಿ ಬೆನ್ನು ತಟ್ಟಿದರು. "ಬೇಜಾರು ಮಾಡ್ಕೋಬೇಡ. ಅಲ್ಲಿ ಬಿಸಿಲು ಬಂದ ದಿನ ಒಂದು ಫೋನ್ ಹಾಕು."

೩. ತಲೆ ಬಗ್ಗಿಸಿದ್ದು

ಮರುದಿನ ಯಜಮಾನನ ಸಂದೇಶ ಬಂತು: "ಇನ್ನೊಬ್ಬರೇ ಉಳಿದಿರುವುದು. ಈ ಸಲ ರಾಕ್ಷಸನಾಗಿ ಸೇತುವೆಯ ಮೇಲೆ ನಾನೇ ಕೂರುತ್ತೇನೆ. ಮಧ್ಯಾಹ್ನ ಕರೆತಾ."

ಮಧ್ಯಾಹ್ನವಾದರೂ ನನಗೆ ಒಬ್ಬ ಹೊಸಬ ಸಿಕ್ಕಲಿಲ್ಲ. ಕ್ಷೌರದವನನ್ನು ಕೇಳಿದೆ, ಬೇಕರಿಯವನನ್ನು ಕೇಳಿದೆ. ಇಬ್ಬರೂ ಒಲ್ಲೆ ಎಂದರು. ಅತ್ತ ಅಪ್ಪ ಸಕ್ಕರೆಗೆ ಆರ್ಡರ್ ಕೊಡಬೇಕೆಂದು ಫೋನಿನ ಹತ್ತಿರ ಸುಳಿದಾಡುತ್ತಿದ್ದರು. ಇಂಟರ್ನೆಟ್ಟಿಗೂ ಫೋನಿಗೂ ಇದ್ದದ್ದು ಒಂದೇ ಲೈನು. ಅವರು ರಿಸೀವರ್ ಎತ್ತಿದರೆ ನನ್ನ ಕಾಡು, ಸೇತುವೆ, ಲಾಟೀನು ಎಲ್ಲ ಒಟ್ಟಿಗೆ ಮಾಯ.

ಆಗ ಕಂಡವರು ಅಂಗಡಿಯ ಬೆಂಚಿನ ಮೇಲೆ ಕೂತಿದ್ದ ಹೆತ್ತೆ. ನಮ್ಮ ಬೆಟ್ಟದ ಬಡಗ ಜನರಲ್ಲಿ ಅಜ್ಜಿಗೆ ಹಾಗೆನ್ನುತ್ತಾರೆ. ಬಿಳಿ ಮುಂಡು, ತಲೆಗೆ ಬಿಳಿ ಬಟ್ಟೆ, ತೊಡೆಯ ಮೇಲೆ ಒಂದು ಗಂಟು. ಮಣ್ಣು ಕುಸಿದು ಅವರ ಹಟ್ಟಿಯ ಬಸ್ಸು ತಡವಾಗಿತ್ತು. ನಾನು ಕೈ ಮುಗಿದು ಕರೆದೆ. "ಬಸ್ಸು ಬರೋ ತನಕ ತಾನೇ? ಸೆರಿ" ಎಂದು ಬಂದು ಕೂತರು. ಅವರ ಬಡಗ ಮಾತು ನನಗೆ ತಿಳಿಯುತ್ತದೆ, ಬರೆಯಲು ಬರುವುದಿಲ್ಲ. ಇಲ್ಲಿರುವುದು ಹೆಚ್ಚುಕಡಿಮೆ ನನ್ನ ಕನ್ನಡ.

ಹೆತ್ತೆ ಕಾಡನ್ನು ಸಲೀಸಾಗಿ ದಾಟಿದರು. ಸೇತುವೆ ಬಂತು. ನಾನು ಓದಿದೆ: "ಸೇತುವೆಯ ನಡುವೆ ಕೊಡಲಿ ಹಿಡಿದ ರಾಕ್ಷಸ ಕೂತಿದ್ದಾನೆ. ಅವನಿಗೆ ಮೂರು ಸಾವಿರ ವರ್ಷ. ಏನು ಮಾಡುತ್ತೀ?"

"ಎನಗಿಂತ ದೊಡ್ಡವನಾ!" ಎಂದು ಹೆತ್ತೆ ಗಡಬಡಿಸಿ ಎದ್ದು ಮಾನಿಟರಿಗೆ ತಲೆ ಬಗ್ಗಿಸಿದರು. "ತಲೆ ಬಗ್ಗಿಸಿದೆ ಅಂತ ಹೇಳು."

"ಹೆತ್ತೇ, ಕೈಯಲ್ಲಿ ಕೊಡಲಿ ಇದೆ!"

"ಇರಲಿ. ಚಿಕ್ಕವರು ತಲೆ ಬಗ್ಗಿಸಿದರೆ ದೊಡ್ಡವರು ಮುಟ್ಟಿ ಹರಸಬೇಕು. ಜಗಳ ಇದ್ದರೂ ಹರಸಬೇಕು."

ಕಣ್ಣು ಮುಚ್ಚಿ ಟೈಪ್ ಮಾಡಿದೆ. ಕೊಡಲಿ ಬೀಳಲಿಲ್ಲ. "ಇದೇನು?" ಎಂದು ಯಜಮಾನ ಕೇಳಿದ. ನಮ್ಮ ಬೆಟ್ಟದಲ್ಲಿ ಹೀಗೆ ಎಂದು ವಿವರಿಸಿದೆ. ಆಮೇಲೆ ಬಂತು: "ಆ ಅಜ್ಜಿಗೆ ತಲೆ ಎತ್ತಲು ಹೇಳು. ನನಗೆ ನಿಜವಾಗಿ ಹತ್ತೊಂಬತ್ತು ವರ್ಷ."

ಹೆತ್ತೆ ಸರಕ್ಕನೆ ನೆಟ್ಟಗಾದರು. "ಹತ್ತೊಂಬತ್ತಾ? ಹಾಗಿದ್ದರೆ ಅವನು ಬಗ್ಗಿಸಲಿ!"

ಹೇಳದೆ ವಿಧಿಯಿಲ್ಲ, ಹೇಳಿದೆ. ರಾಕ್ಷಸ ಕೊಡಲಿ ಕೆಳಗಿಟ್ಟು ತಲೆ ಬಗ್ಗಿಸಿದ ಎಂದು ಬಂತು. ಅದೇ ಹೊತ್ತಿಗೆ ಹೊರಗೆ ಬಸ್ಸಿನ ಹಾರನ್. ಹೆತ್ತೆ ಗಂಟೆತ್ತಿಕೊಂಡು ಹೊರಟೇಬಿಟ್ಟರು.

"ಹೆತ್ತೇ! ಅವನು ತಲೆ ಬಗ್ಗಿಸಿಕೊಂಡೇ ಇದ್ದಾನೆ! ನೀವಿನ್ನೂ ಸೇತುವೆ ದಾಟಿಲ್ಲ!"

"ನೀ ಅವನಿಗಿಂತ ದೊಡ್ಡವನಲ್ಲವಾ? ನೀ ಮುಟ್ಟು. ಎನಗ ಈ ಬಸ್ಸು ಬಿಟ್ಟರೆ ನಾಳೆಯೇ."

ಬಸ್ಸು ಹೋಯಿತು. ಮೂರನೆಯವರೂ ದಾಟಲಿಲ್ಲ, ನಿಯಮದ ಪ್ರಕಾರ ನನ್ನ ಕತೆ ಮುಗಿದಿತ್ತು. ಅಪ್ಪ ರಿಸೀವರಿನ ಮೇಲೆ ಕೈ ಇಟ್ಟಾಗಿತ್ತು. ಪರದೆಯಲ್ಲಿ ಬಂತು: "ನನ್ನ ತಲೆ ಇನ್ನೂ ಕೆಳಗಿದೆ. ಯಾವಾಗ ಎತ್ತಬೇಕು?"

ನನಗಾಗ ಇಪ್ಪತ್ತಾರು. ಬಡಗನಲ್ಲ ನಿಜ, ಆದರೆ ಹಿರಿತನಕ್ಕೆ ಜಾತಿ ಯಾಕೆ? ಬಿಸಿ ಮಾನಿಟರಿನ ನೆತ್ತಿಯ ಮೇಲೆ ಎಡಗೈ ಇಟ್ಟು ಬಲಗೈಯಲ್ಲಿ ಟೈಪ್ ಮಾಡಿದೆ: "ಅಜ್ಜಿ ಆ ಹೊಣೆ ನನಗೆ ಒಪ್ಪಿಸಿದ್ದಾರೆ. ನಿನ್ನ ತಲೆಯ ಮೇಲೆ ಈಗ ನನ್ನ ಕೈ ಇದೆ. ಹರಸುವ ತನಕ ಏಳುವ ಹಾಗಿಲ್ಲ. ಹರಸುವ ಮೊದಲು ಒಂದು ಮಾತು ಕೇಳಲೇ? ಲಾಟೀನಿನ ವಿಷಯ ಏನಾಯಿತು?"

ಕಲೆಕ್ಟರ್ ಸಾಹೇಬರು ಬರೆದರು: "ನಿಮ್ಮ ಹತ್ತಿರವೇ ಇರಲಿ, ಹಿರಿಯರೇ. ಬೇಗ ಹರಸಿ, ಕತ್ತು ನೋಯುತ್ತಿದೆ."